ನಡುಕೋಣೆಯಲ್ಲಿ ಹಚ್ಚಿದ ಥಪ್ಪಿ

ಆ ಬೇಸಿಗೆಯಲ್ಲಿ ನೂರೈವತ್ತೊಂದು ಹಲಗೆಗಳು ನನ್ನ ವಶದಲ್ಲಿದ್ದವು, ನಾಲ್ವರು ಹಮಾಲರು ನನ್ನ ಮಾತಿನಲ್ಲಿದ್ದರು. ಹಲಗೆಗಳಲ್ಲಿ ಬಹುಪಾಲು ಉಳಿದವು. ಹಮಾಲರಲ್ಲಿ ಒಬ್ಬನನ್ನು ಉಳಿಸಿಕೊಳ್ಳಲು ನನಗೆ ಸಿಕ್ಕ ಸಮಯ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷವನ್ನು ನಾನು ಹೇಗೆ ಕಳೆದೆ ಎಂಬುದನ್ನು ಹೇಳಬೇಕಾದರೆ ಹಲಗೆ ಕೊಂಡಲ್ಲಿಂದಲೇ ಶುರು ಮಾಡಬೇಕು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸೈನ್ಯದ ಉಗ್ರಾಣ ಕೆಲಸದಿಂದ ನಿವೃತ್ತನಾಗಿ ಬಂದ ನಾನು ಹರಪನಹಳ್ಳಿಯ ಒಬ್ಬ ಕಟ್ಟಡ ಗುತ್ತಿಗೆದಾರರ ಬಳಿ ಸಾಮಾನಿನ ಉಸ್ತುವಾರಿ ನೋಡುತ್ತಿದ್ದೆ. ಕೊಟ್ಟೂರಿನ ಶೇಂಗಾ ವ್ಯಾಪಾರಿಯೊಬ್ಬರ ಹಳೆಯ ಮನೆಯನ್ನು ಹೊಸದು ಮಾಡುವ ಕೆಲಸ ಬಂತು. ಮಣ್ಣಿನ ಮಾಳಿಗೆಯ ಮನೆ. ಮಾಳಿಗೆಯಿಂದ ಹಗಲೂ ರಾತ್ರಿ ಮಣ್ಣು ಉದುರುತ್ತಿತ್ತು, ಒಮ್ಮೊಮ್ಮೆ ಚೇಳು. ಅದರ ಕೆಳಗೆ ಒಂದು ಮುಚ್ಚಿಗೆ ಬೇಕು, ಮೂವರು ಮಕ್ಕಳ ಸಂಸಾರಕ್ಕೆ ಕೋಣೆ ಬೇರೆ ಮಾಡಬೇಕು, ಆದರೆ ಮನೆಯೊಳಗೆ ಪಾಯ ತೋಡಬಾರದು ಎಂದು ಸಾಹುಕಾರರು ಹೇಳಿದರು. ಅವರು ಬೆಂಗಳೂರಿನ ಒಂದು ಕಚೇರಿಯಲ್ಲಿ ಜಿಪ್ಸಂ ಹಲಗೆಯ ಗೋಡೆಗಳನ್ನು ನೋಡಿ ಬಂದಿದ್ದರು. ಎರಡು ದಪ್ಪ ಕಾಗದಗಳ ನಡುವೆ ಬಿಳಿ ಗಚ್ಚು ಒತ್ತಿ ಮಾಡಿದ ಹಲಗೆ. ಆರಡಿ ಉದ್ದ, ನಾಲ್ಕಡಿ ಅಗಲ, ಅರ್ಧ ಅಂಗುಲ ದಪ್ಪ, ಒಂದೊಂದು ಇಪ್ಪತ್ತೆರಡು ಕಿಲೋ. ನಮ್ಮ ಕಡೆ ಅದನ್ನು ಯಾರೂ ಕಂಡಿರಲಿಲ್ಲ. ಹಮಾಲರು ಮೊದಲ ದಿನವೇ ಅದಕ್ಕೆ ‘ಸುಣ್ಣದ ಹಲಗಿ’ ಎಂದು ಹೆಸರಿಟ್ಟರು.

ಮಾರುವವರು ಒಂದು ಲಾರಿ ತುಂಬುವಷ್ಟು ಕೊಂಡರೆ ಮಾತ್ರ ಕಳಿಸುತ್ತೇವೆಂದರು. ಕೂಡಿಸುವ ಬಡಗಿಗಳಿಗೆ ಬೇರೆ ಕೆಲಸವಿತ್ತು. ಎರಡು ತಿಂಗಳು ಬಿಟ್ಟು ಬರುತ್ತೇವೆಂದರು. ಹೀಗಾಗಿ ನೂರ ಅರವತ್ತು ಹಲಗೆಗಳನ್ನು ಒಟ್ಟಿಗೆ ತರಿಸಿ ಎರಡು ತಿಂಗಳು ಕಾಪಾಡುವ ಕೆಲಸ ನನಗೆ ಬಿತ್ತು. ಕೂಡ್ಲಿಗಿ ದಾಟಿದ ಮೇಲಿನ ರಸ್ತೆಯಲ್ಲಿ ಒಂಬತ್ತು ಹಲಗೆ ಮುರಿದವು. ಉಳಿದದ್ದನ್ನು ಇಳಿಸಲು ಉಜ್ಜಿನಿಯ ಇಬ್ಬರು ಅಣ್ಣತಮ್ಮಂದಿರನ್ನೂ ಅವರ ಜೊತೆಗಾರರಿಬ್ಬರನ್ನೂ ಗೊತ್ತು ಮಾಡಿದೆ. ಅಣ್ಣನೇ ಮೇಸ್ತ್ರಿ, ನಲವತ್ತರ ಆಸುಪಾಸು, ಅಗಲ ಬೆನ್ನು, ಕಡಿಮೆ ಮಾತು. ತಮ್ಮನ ಬಾಯಿ ಇಬ್ಬರ ಪಾಲನ್ನೂ ಆಡುತ್ತಿತ್ತು.

ಈ ಹಲಗೆಗೆ ಎರಡು ನಿಯಮ. ಹೊರುವಾಗ ಅಂಚಿನ ಮೇಲೆ ನಿಲ್ಲಿಸಿ ಇಬ್ಬರು ಹೊರಬೇಕು. ಮಲಗಿಸಿ ಹೊತ್ತರೆ ನಡುವೆ ಮುರಿಯುತ್ತದೆ. ಇಡುವಾಗ ಮಲಗಿಸಿಯೇ ಇಡಬೇಕು; ಗೋಡೆಗೆ ಆನಿಸಿದರೆ ಬಾಗುತ್ತದೆ, ಬಾಗಿದ್ದು ಮತ್ತೆ ನೆಟ್ಟಗಾಗುವುದಿಲ್ಲ. ನಾನು ಇದನ್ನು ವಿವರಿಸಿದಾಗ ತಮ್ಮ ನಕ್ಕ.

“ಮದುಮಗಳಿದ್ದಂಗ ಐತ್ರಿ ಇದು. ಮನಿ ತನಕ ನಿಂದ್ರಿಸಿ ಕರ್ಕೊಂಬರಬೇಕು, ಒಳಗ ಬಂದ ಮ್ಯಾಲ ಮಲಗಿಸಬೇಕು.”

“ಲೇ, ಬಾಯಿ ಮುಚ್ಚು. ಒಳಗ ಅಮ್ಮಾರು ಅದಾರ,” ಎಂದ ಅಣ್ಣ.

ಅವರು ಕಡಪ ಕಲ್ಲು ಹೊತ್ತು ಬೆಳೆದವರು. ಕಲ್ಲನ್ನು ಗೋಡೆಗೆ ಆನಿಸಿ ನಿಲ್ಲಿಸುವುದೇ ಅವರಿಗೆ ಗೊತ್ತಿದ್ದ ಕ್ರಮ. ನನ್ನ ಕ್ರಮ ಬೇರೆ. ನೆಲದ ಮೇಲೆ ಒಂದೂವರೆ ಅಡಿಗೊಂದರಂತೆ ಒಂದೇ ದಪ್ಪದ ಮರದ ಪಟ್ಟಿ, ದಾರ ಹಿಡಿದು ಮಟ್ಟ ನೋಡುವುದು, ಪಟ್ಟಿಯ ಮೇಲೆ ಒಂದರ ಮೇಲೊಂದು ಒಟ್ಟಿದ ಹಲಗೆಗಳ ಥಪ್ಪಿ, ಥಪ್ಪಿಯ ನಾಲ್ಕೂ ಕಡೆ ಗೋಡೆಯಿಂದ ಒಂದು ಮೊಳ ಬಿಡುವು. ಗೋಡೆಯ ತೇವ ತಾಗಬಾರದು, ಗಾಳಿ ಆಡಬೇಕು, ಸುತ್ತಲೂ ನಡೆದು ನೋಡಲು ಬರಬೇಕು. ಉಗ್ರಾಣದಲ್ಲಿ ಕಲಿತದ್ದು. ತಪ್ಪು ಎಂದು ಈಗಲೂ ಹೇಳಲಾರೆ.

ಇಡಲು ಎರಡು ಜಾಗ ಆರಿಸಿದೆ. ಒಂದು ಪಡಸಾಲೆ. ಇನ್ನೊಂದು ಮನೆಯ ನಟ್ಟನಡುವೆ ಇದ್ದ, ಕಿಟಕಿಯಿಲ್ಲದ ಕಾಳಿನ ಕೋಣೆ. ಬಿಸಿಲಿಲ್ಲ, ಎರಚಲು ಮಳೆಯಿಲ್ಲ, ಒಂದೇ ಬಾಗಿಲು. ಆ ಕೋಣೆಯ ನಾಲ್ಕೂ ಗೋಡೆಗುಂಟ ಚೀಲಗಳನ್ನು ಒಟ್ಟಿದ್ದರು. ನಡುವಿನ ಜಾಗ ಪೂರ್ತಿ ಖಾಲಿ. ಚೀಲಗಳನ್ನು ತೆಗೆಸಿದೆ. ನಡುವಿನ ಒಂದು ಹಾಸುಗಲ್ಲಿನ ಮೇಲೆ ಅರಿಶಿನ ಕುಂಕುಮ ಹಚ್ಚಿದ್ದರು. ಸಾಹುಕಾರರ ತಾಯಿ ಪ್ರತಿ ಅಮಾವಾಸ್ಯೆಗೆ ಅದನ್ನು ಹೊಸದು ಮಾಡುತ್ತಿದ್ದರಂತೆ. ನಾವು ಪಟ್ಟಿ ಹಾಸುವುದನ್ನು ಕಂಡು ಅವರು ಹೊಸ್ತಿಲಲ್ಲಿ ಬಂದು ನಿಂತರು.

“ನಡುವ ಏನೂ ಇಡಬ್ಯಾಡಪ್ಪ. ಅಲ್ಲಿ ಲಕ್ಷ್ಮವ್ವ ಅದಾಳ.”

“ಯಾಕಮ್ಮ, ಏನೈತಿ ಅಲ್ಲಿ?”

“ಅದು ನನಗೂ ಗೊತ್ತಿಲ್ಲ. ನಮ್ಮತ್ತಿ ಹಂಗ ಹೇಳಿದ್ರು. ಅವರತ್ತಿ ಅವರಿಗೆ ಹೇಳಿದ್ರಂತ.”

ಕಲ್ಲಿಗೆ ಕೈಮುಗಿದು, ಲಕ್ಷ್ಮಿಗೆ ಭಾರವಾಗದಂತೆ ಪಟ್ಟಿಯ ಮೇಲೆ ಇಡುತ್ತೇವಮ್ಮ ಎಂದೆ. ಅವರು ಒಳಗೆ ಹೋದರು. ಮೇಸ್ತ್ರಿ ಮಾತ್ರ ಆ ಕಲ್ಲನ್ನು ಹಿಮ್ಮಡಿಯಿಂದ ಎರಡು ಸಲ ಗುದ್ದಿದ.

“ಟೊಳ್ಳು ಬಡಿತೈತ್ರಿ ಸಾಹೇಬ್ರ.”

“ಹಳೇ ಗಾರೆ. ಕಲ್ಲಿನ ಬುಡ ಬಿಟ್ಟಿರತೈತಿ,” ಎಂದೆ. ಹಳೆಯ ಮನೆಗಳಲ್ಲಿ ಅದು ಸಾಮಾನ್ಯ. ಅವನು ಹಲಗೆ ತರಲು ಹೊರಗೆ ಹೋದ. ಎಂಬತ್ತು ಹಲಗೆಗಳನ್ನು ಕೋಣೆಯ ನಡುವೆ, ಎಪ್ಪತ್ತೊಂದನ್ನು ಪಡಸಾಲೆಯಲ್ಲಿ ಥಪ್ಪಿ ಹಚ್ಚಿ ಮುಗಿಸಿದೆವು.

ಮುಂದಿನ ಐದು ವಾರ ನನ್ನ ದಿನಚರಿ ಬದಲಾಗಲಿಲ್ಲ. ಬೆಳಿಗ್ಗೆ ಏಳಕ್ಕೆ ಎರಡೂ ಥಪ್ಪಿಗಳ ನಾಲ್ಕು ಮೂಲೆಗೆ ದಾರ ಹಿಡಿದು ನೋಡುವುದು. ಕೆಳಗಿನ ಪಟ್ಟಿಗಳಲ್ಲಿ ಗೆದ್ದಲಿನ ಮಣ್ಣು ಏರಿದೆಯೇ ಎಂದು ಟಾರ್ಚು ಬಿಟ್ಟು ನೋಡುವುದು. ಹೆಣ್ಣುಮಕ್ಕಳು ಪಡಸಾಲೆ ಸಾರಿಸುವಾಗ ಸಗಣಿನೀರು ಪಟ್ಟಿಗೆ ತಾಗದಂತೆ ಗೆರೆ ಎಳೆದು ಕೊಟ್ಟಿದ್ದೆ. ಮೂರನೆಯ ವಾರದಲ್ಲಿ ಕಾಳಿನ ಕೋಣೆಯ ದಾರ ಪಡುವಣ ಮೂಲೆಯಲ್ಲಿ ಒಂದು ಬೆರಳು ತಗ್ಗು ತೋರಿಸಿತು. ಆ ಮೂಲೆಗೆ ತೆಳುವಾದ ಮರದ ಬಿಲ್ಲೆ ಕೊಟ್ಟು ಮಟ್ಟ ಮಾಡಿ, ಸರಿಪಡಿಸಿದೆ ಎಂದು ಪುಸ್ತಕದಲ್ಲಿ ಬರೆದೆ. ಕಲ್ಲು ಯಾಕೆ ತಗ್ಗಿತು ಎಂದು ಕೇಳಿಕೊಳ್ಳಲಿಲ್ಲ. ಮಟ್ಟ ತಪ್ಪಿತ್ತು, ಮಟ್ಟ ಮಾಡಿದೆ, ಅಷ್ಟೇ.

ಆರನೆಯ ವಾರ ಅಶ್ವಿನಿ ಮಳೆ ಬಿತ್ತು. ಇಷ್ಟು ಮುಂಚೆ ಅಷ್ಟು ಮಳೆಯನ್ನು ಯಾರೂ ಎಣಿಸಿರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಪಡಸಾಲೆಯ ಮಾಳಿಗೆ ಎರಡು ಕಡೆ ಸೋರಿ, ಥಪ್ಪಿಯ ಮೇಲೆ ಹೊದಿಸಿದ್ದ ತಾಡಪತ್ರಿಯಲ್ಲಿ ಕೆಂಪು ನೀರು ನಿಂತಿತ್ತು. ಹಲಗೆಗೆ ಇನ್ನೂ ತಾಗಿರಲಿಲ್ಲ. ಆಕಾಶ ಮತ್ತೆ ಕಪ್ಪಾಗುತ್ತಿತ್ತು. ಎಪ್ಪತ್ತೊಂದು ಹಲಗೆಗಳನ್ನೂ ಮಧ್ಯಾಹ್ನದೊಳಗೆ ಕಾಳಿನ ಕೋಣೆಗೆ ಸಾಗಿಸಬೇಕೆಂದು ಹಮಾಲರಿಗೆ ಹೇಳಿ ಕಳಿಸಿದೆ. ಕೋಣೆಯಲ್ಲಿ ಎರಡನೆಯ ಥಪ್ಪಿಗೆ ಜಾಗವಿರಲಿಲ್ಲ. ಇದ್ದ ಥಪ್ಪಿಯ ಮೇಲೆಯೇ ಏರಿಸಬೇಕು.

ಮೇಸ್ತ್ರಿ ಒಪ್ಪಲಿಲ್ಲ. “ಎರಡು ದಿನದ ಮಾತು ಸಾಹೇಬ್ರ. ಗ್ವಾಡಿಗೆ ಆನಿಸಿ ನಿಂದ್ರಿಸಾನ್ರಿ. ಮಾಳಗಿ ಒಣಗಿದ ಮ್ಯಾಲ ತಿರುಗಿ ಪಡಸಾಲಿಗೆ ಒಯ್ಯಾನು.”

“ಎರಡು ದಿನದಾಗ ಬಾಗತಾವು.”

“ಮೂವತ್ತು ಕ್ವಿಂಟಲ್ ಮ್ಯಾಲ ಆಗತೈತ್ರಿ, ಒಂದ ಜಾಗಕ್ಕ.”

“ನೆಲ ಕಲ್ಲಿಂದು ಐತಿ, ಮೇಸ್ತ್ರಿ. ನಿನ್ನ ಬೆನ್ನಲ್ಲ.”

ಅವನು ತಲೆಯ ಸಿಂಬಿ ಸರಿಮಾಡಿಕೊಂಡು ಕೆಲಸಕ್ಕೆ ಇಳಿದ. ಈ ಮಾತುಗಳನ್ನು ನಾನು ಒಂದಕ್ಷರ ಬದಲಿಸದೆ ಬರೆದಿದ್ದೇನೆ.

ಮೂವತ್ತು ಹಲಗೆ ಏರಿಸಿದ್ದೆವು. ಮೇಸ್ತ್ರಿ ಥಪ್ಪಿಯ ಪಡುವಣ ಬದಿಯಲ್ಲಿ ನಿಂತು ಅಂಚು ಕೂಡಿಸುತ್ತಿದ್ದ. ತಮ್ಮನೂ ಉಳಿದಿಬ್ಬರೂ ಬಾಗಿಲ ಕಡೆ, ನಾನು ಅವರ ಹಿಂದೆ. ಕಲ್ಲು ಮುರಿದ ಸದ್ದು ದೊಡ್ಡದೇನೂ ಇರಲಿಲ್ಲ. ಪಡುವಣ ಬದಿಯ ನೆಲ ಕುಸಿಯಿತು, ಥಪ್ಪಿ ಆ ಕಡೆ ವಾಲಿತು, ಮೇಲಿನ ಹಲಗೆಗಳು ಇಸ್ಪೀಟು ಎಲೆಗಳಂತೆ ಜಾರಿದವು. ಧೂಳು ಇಳಿದಾಗ ಮೇಸ್ತ್ರಿ ಅಲ್ಲಿರಲಿಲ್ಲ. ನೆಲದಲ್ಲಿ ನಾಲ್ಕಡಿ ಅಗಲದ ಗುಂಡಿ. ಅದರ ಮೇಲೆ ಓರೆಯಾಗಿ ಸಿಕ್ಕಿಬಿದ್ದ ಹಲಗೆಗಳ ರಾಶಿ. ಒಂದು ಬದಿಗೆ ಮಾತ್ರ ಗೇಣಗಲದ ಸಂದು. ಆ ಸಂದಿನಿಂದ ಕೊಳೆತ ಜೋಳದ ವಾಸನೆ ಬಂತು. ಅದು ಹಗೇವು.

ಹಗೇವು ಎಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿ ಕಿರಿದು, ಹೊಟ್ಟೆ ಗಡಿಗೆಯಂತೆ ಅಗಲ. ನಾನು ಕಂಡ ಹಗೇವುಗಳೆಲ್ಲ ಮನೆಯ ಮುಂದಿನ ಬಯಲಲ್ಲಿದ್ದವು; ಈ ಮನೆಯದನ್ನು ಹಿಂದೆಯೇ ಹೂಳಿಸಿದ್ದಾರೆಂದೂ ಕೇಳಿದ್ದೆ. ಮನೆಯೊಳಗೂ ಇನ್ನೊಂದಿತ್ತು. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಬಾವಿಯ ನೀರಿನಂತೆ ತಳದಿಂದ ತುಂಬಿ ನಿಂತಿರುತ್ತದೆ. ಇಳಿದವನನ್ನು ತೆಗೆಯಲು ಇನ್ನೊಬ್ಬ, ಅವನನ್ನು ತೆಗೆಯಲು ಮತ್ತೊಬ್ಬ ಇಳಿದು ಒಟ್ಟಿಗೇ ಸತ್ತ ಕಥೆ ನಮ್ಮ ಕಡೆಯ ಎಲ್ಲ ಊರಲ್ಲೂ ಉಂಟು.

ಅಭ್ಯಾಸದಿಂದ ಗಡಿಯಾರ ನೋಡಿದೆ. ಹತ್ತು ಗಂಟೆ ಹತ್ತು ನಿಮಿಷ.

ಕೆಳಗಿನಿಂದ ಮೇಸ್ತ್ರಿಯ ದನಿ ಬಂತು. “ಅದೀನ್ರಿ. ಕಾಲು ಹಲಗಿ ಕೆಳಗ ಸಿಕ್ಕೈತಿ. ಬಲಗೈ ಏಳವಲ್ದು.”

ತಮ್ಮ ಆಗಲೇ ಸಂದಿನಲ್ಲಿ ಕಾಲು ಬಿಟ್ಟಿದ್ದ. ಅವನ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಎಳೆದೆ. ಅವನು ನನಗಿಂತ ಎರಡರಷ್ಟು ಗಟ್ಟಿ. ಮೂವರೂ ಸೇರಿ ಅವನನ್ನು ಕೋಣೆಯ ಬಾಗಿಲಾಚೆಯ ಕಂಬಕ್ಕೆ ಹಗ್ಗದಿಂದ ಬಿಗಿದೆವು. ಇಳಿದರೆ ಅವನೂ ಮೇಲೆ ಬರುವುದಿಲ್ಲ ಎಂಬುದು ಆ ಇಬ್ಬರು ಜೊತೆಗಾರರಿಗೂ ಗೊತ್ತಿತ್ತು. ಅದಕ್ಕೇ ನನ್ನ ಮಾತು ಕೇಳಿದರು.

ಸಾಹುಕಾರರ ತಾಯಿ, ಆ ಹಿರಿಯಮ್ಮ, ಕಂದೀಲು ಹಚ್ಚಿ ತಂದುಕೊಟ್ಟರು. ಸಂದಿನಿಂದ ಹಗ್ಗ ಕಟ್ಟಿ ಇಳಿಬಿಟ್ಟೆ. ಮೇಸ್ತ್ರಿಯ ಮುಖ ಕಂಡಿತು. ಎದೆಯ ಮಟ್ಟಕ್ಕೆ ಇಳಿದಾಗ ಉರಿ ಸಣ್ಣದಾಯಿತು. ಇನ್ನೊಂದು ಮೊಳ ಬಿಟ್ಟೆ.

“ದೀಪ ಹೋತ್ರಿ,” ಎಂದ ಅವನು.

ಅಂದರೆ ಅವನು ನಿಂತಿರುವವರೆಗೆ ಮೂಗಿಗೆ ಗಾಳಿ ಇದೆ. ಕುಳಿತರೆ ಇಲ್ಲ.

“ಮೇಸ್ತ್ರಿ, ಕುಂದ್ರಬ್ಯಾಡ. ಕೇಳಿಸ್ತೇನು? ಕಾಲು ಮುರಿದಿದ್ರೂ ನಿಂತ ಇರು. ಬಾಗಲೂ ಬ್ಯಾಡ.”

“ಮುರದೈತ್ರಿ. ನಿಂತೀನಿ.”

ಇನ್ನೊಂದು ಹಗ್ಗ ಬಿಟ್ಟು ಕಂಕುಳಿಗೆ ಕಟ್ಟಿಕೊಳ್ಳಲು ಹೇಳಿದೆ. ಒಂದೇ ಕೈಯಲ್ಲಿ ಗಂಟು ಹಾಕಲು ಬರಲಿಲ್ಲ. ಎಡ ಮುಂಗೈಗೆ ಒಂದು ಸುತ್ತು ಸುತ್ತಿಕೊಂಡು ಹಿಡಿದ. ಮೇಲಿನ ತುದಿಯನ್ನು ಹಿರಿಯಮ್ಮ ಹಿಡಿದು ನಿಂತರು.

ಮಾಡಬೇಕಾದದ್ದು ಎರಡೇ. ಬಾಯಿಯ ಮೇಲೆ ಸಿಕ್ಕ ಹಲಗೆಗಳನ್ನು ತೆಗೆಯುವುದು, ಆಮೇಲೆ ಕಂಬಳಿ ಇಳಿಸಿ ಎತ್ತಿ, ಇಳಿಸಿ ಎತ್ತಿ ಕೆಟ್ಟ ಗಾಳಿಯನ್ನು ಹೊರಗೆ ಎಳೆಯುವುದು. ದೀಪ ತಳದಲ್ಲಿ ನಿಂತರೆ ಮನುಷ್ಯ ಇಳಿಯಬಹುದು. ಹಲಗೆಗಳನ್ನು ಒದ್ದು ಮುರಿಯುವಂತಿರಲಿಲ್ಲ, ಚೂರುಗಳು ಅವನ ತಲೆಯ ಮೇಲೆ ಬೀಳುತ್ತಿದ್ದವು. ಮೇಲಿನಿಂದ ಒಂದೊಂದಾಗಿ ಎತ್ತಬೇಕು. ಹತ್ತು ಹದಿನಾರಕ್ಕೆ ಶುರು ಮಾಡಿದೆವು.

ಕಂಬದಿಂದ ತಮ್ಮ ಕೂಗುತ್ತಲೇ ಇದ್ದ, ಒಮ್ಮೆ ನನಗೆ, ಒಮ್ಮೆ ಅಣ್ಣನಿಗೆ.

“ಏ ಅಣ್ಣ! ಕುಂತಿ ಅಂದ್ರ ನೋಡು! ಸಂತಿಯಾಗ ಎರಡು ಚೀಲ ಹೊತ್ಕೊಂಡು ನಿಂತು ನನ್ನ ನೋಡಿ ನಗತಿದ್ದಿ, ಈಗೇನಾತು?”

“ನಿಂತೀನಲೇ. ಬೊಗಳಬ್ಯಾಡ.”

“ಎತ್ತು ನಿಂತಂಗ ನಿಂದ್ರು!”

“ಕಾಲು ನಂದು ಮುರದೈತಿ, ನೀ ಯಾಕ ಅಳತಿ?”

ಹಾಗೆ ಅವರಿಬ್ಬರೂ ಮಾತಾಡಿಕೊಂಡೇ ಇದ್ದರು. ತಮ್ಮ ನನ್ನ ಕಡೆ ತಿರುಗಿದಾಗ ಬೈಗುಳ. ಅದರ ನಡುವೆ “ಒಗೀರಿ ಆ ಹಲಗಿ, ಒಗೀರಿ” ಎಂದದ್ದು ನನಗೆ ಕೇಳಿಸಿತ್ತು. ಅದನ್ನೂ ಬೈಗುಳದ ಲೆಕ್ಕಕ್ಕೆ ಸೇರಿಸಿದೆ.

ಜೊತೆಗಾರರಿಬ್ಬರು ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಹೊತ್ತು ಬಾಗಿಲಾಚೆಗೆ ಒಯ್ಯುತ್ತಿದ್ದರು. ಪಡಸಾಲೆಯ ಸೋರದ ಮೂಲೆಯಲ್ಲಿ, ಉಳಿದ ಥಪ್ಪಿಯ ಪಕ್ಕ, ಪಟ್ಟಿ ಹಾಸಿಯೇ ಇತ್ತು. ಅದರ ಮೇಲೆ ಮಲಗಿಸುತ್ತಿದ್ದರು. ಮತ್ತೆ ಬರುತ್ತಿದ್ದರು. ನಾನು “ಮೂಲಿ ನೋಡ್ಕೊಂಡು” ಎನ್ನುತ್ತಿದ್ದೆ. ಹಲಗೆ ಇಳಿಸಿದ ದಿನದಿಂದ ಅವರಿಗೆ ಅದನ್ನೇ ಹೇಳಿಕೊಟ್ಟಿದ್ದೆ, ಅವರು ಅದನ್ನೇ ಮಾಡಿದರು. ಮೂವತ್ತೊಂದನೆಯ ಹಲಗೆಯನ್ನು ನಾನೇ ಒಂದು ತುದಿ ಹಿಡಿದು ತಂದು ಇಟ್ಟೆ. ಅದರ ಅಂಚು ಕೆಳಗಿನ ಹಲಗೆಗಿಂತ ಒಂದು ಬೆರಳು ಹೊರಗಿತ್ತು. ಅಂಗೈಯಿಂದ ಒತ್ತಿ ಸರಿಮಾಡಿದೆ. ಕೈ ಅಲ್ಲೇ ನಿಂತಿತು. ಮೂವತ್ತೊಂದು ಹಲಗೆಗಳು, ಒಂದರ ಮೂಲೆಯೂ ಮುರಿದಿಲ್ಲ, ಪಟ್ಟಿಯ ಮೇಲೆ ಮಟ್ಟವಾಗಿ ಮಲಗಿದ್ದವು. ಗಡಿಯಾರ ಹತ್ತು ಇಪ್ಪತ್ತಾರು ತೋರಿಸುತ್ತಿತ್ತು. ಅವನ್ನು ಪಕ್ಕಕ್ಕೆ ಎಸೆಯಬಹುದಿತ್ತು. ಮೂರು ನಿಮಿಷದ ಕೆಲಸ.

ಯೋಚಿಸುತ್ತ ನಿಲ್ಲಲು ಸಮಯವಿರಲಿಲ್ಲ. ನೆನೆಸಿದ ಕಂಬಳಿಯ ನಾಲ್ಕು ಮೂಲೆಗೆ ಹಗ್ಗ ಕಟ್ಟಿ ಇಳಿಸಿದೆವು, ಎತ್ತಿದೆವು. ಮೇಲೆ ತಂದು ಬಾಗಿಲಾಚೆಗೆ ಕೊಡವಿದೆವು. ಮತ್ತೆ ಇಳಿಸಿದೆವು. ಮೇಸ್ತ್ರಿಯ ಮಾತು ನಿಧಾನವಾಗುತ್ತಿತ್ತು. ತಮ್ಮ ಕೇಳಿದ್ದಕ್ಕೆ ಬರೀ “ಹೂಂ” ಬರುತ್ತಿತ್ತು. ಒಮ್ಮೆ ಸ್ಪಷ್ಟವಾಗಿ ತಮ್ಮನ ಹೆಸರು ಹಿಡಿದು ಕರೆದ. ತಮ್ಮ “ಇಲ್ಲೇ ಅದೀನಿ, ಅಣ್ಣ” ಎಂದ. ಹತ್ತು ಮೂವತ್ತಕ್ಕೆ ಹಿರಿಯಮ್ಮ ನನ್ನ ಕಡೆ ನೋಡಿದರು.

“ಹಗ್ಗ ಕೆಳಗ ಜಗ್ಗಿತಪ್ಪ. ಅವ ಕುಂತ.”

ತಮ್ಮ ಕೂಗಿದ. ಜವಾಬಿಲ್ಲ. ನಾವು ಕಂಬಳಿ ಬಿಡಲಿಲ್ಲ. ದೀಪ ತಳದಲ್ಲಿ ನಿಂತದ್ದು ಹತ್ತು ಮೂವತ್ತಾರಕ್ಕೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಐವತ್ತು ಎಣಿಸುವುದರೊಳಗೆ ನಾನು ಹಗ್ಗ ಜಗ್ಗದಿದ್ದರೆ ಎಳೆದುಬಿಡಿ ಎಂದು ಹೇಳಿ ನಾನೇ ಇಳಿದೆ. ಅವನು ಜೋಳದ ಮೇಲೆ ಕುಳಿತಿದ್ದ, ಗದ್ದ ಎದೆಗೆ ತಾಗಿತ್ತು, ಮುಂಗೈಯ ಸುತ್ತು ಬಿಚ್ಚಿರಲಿಲ್ಲ. ಕಾಲಿನ ಮೇಲಿದ್ದ ಹಲಗೆಗಳನ್ನು ಸರಿಸಿ ಅವನನ್ನು ಮೇಲಕ್ಕೆ ಕಳಿಸಿದೆ. ಎದೆ ಒತ್ತಿ ನೋಡಿದೆವು, ಬಹಳ ಹೊತ್ತು ಒತ್ತಿದೆವು.

ಗದ್ದಲದಲ್ಲಿ ತಮ್ಮನ ಕಟ್ಟು ಬಿಚ್ಚುವುದನ್ನು ಎಲ್ಲರೂ ಮರೆತಿದ್ದೆವು. ಅವನು ಎಳೆದಾಡಿ ಗಂಟು ಕಲ್ಲಾಗಿತ್ತು. ಕುಡುಗೋಲಿನಿಂದ ಕೊಯ್ದೆ. ಅವನು ನನ್ನನ್ನು ಹೊಡೆಯುತ್ತಾನೆಂದುಕೊಂಡೆ. ಹೊಡೆಯಲಿಲ್ಲ. ಅಣ್ಣನ ಬಳಿ ಹೋಗಿ ಮುರಿದ ಕಾಲನ್ನು ನೆಟ್ಟಗೆ ಮಾಡಿ ಕುಳಿತ.

ಮೇಸ್ತ್ರಿಯ ದೇಹವನ್ನು ಟ್ರ್ಯಾಕ್ಟರಿನಲ್ಲಿ ಕೂಡ್ಲಿಗಿಯ ಆಸ್ಪತ್ರೆಗೆ ಒಯ್ದೆವು. ಶೇಂಗಾ ಮಿಲ್ಲಿನಿಂದ ಓಡಿಬಂದಿದ್ದ ಸಾಹುಕಾರರು ದಾರಿಯಲ್ಲಿ ನನ್ನ ಕಿವಿಯಲ್ಲಿ ಹೇಳಿದರು: “ಹಳೇ ನೆಲ, ಕುಸೀತು. ಇದ್ದದ್ದ ಅದು. ಅಷ್ಟು ಹೇಳಿದ್ರ ಸಾಕು. ಉಳಿದದ್ದು ಯಾಕ ಬೇಕು ನಿಮಗ?” ಅವರು ಕೆಟ್ಟವರಲ್ಲ. ನನ್ನನ್ನು ಉಳಿಸಲು ನೋಡಿದರು.

ಆಸ್ಪತ್ರೆಯ ಜಗಲಿಯ ಮೇಲೆ ತಮ್ಮ ನನ್ನ ಪಕ್ಕಕ್ಕೆ ಬಂದ. ಕೂಗಿ ಕೂಗಿ ದನಿ ಒಡೆದಿತ್ತು.

“ನಿಮ್ಮ ಕೈಯಾಗ ಗಡಿಯಾರ ಇತ್ತಲ್ರಿ. ಅವ ಎಷ್ಟೊತ್ತು ನಿಂತ?”

“ಇಪ್ಪತ್ತು ನಿಮಿಷ.”

“ನೀವು ಇಳಿದದ್ದು?”

“ಇಪ್ಪತ್ತಾರನೇ ನಿಮಿಷಕ್ಕ.”

“ಹಲಗಿ ಹೊತ್ತು ಒಯ್ದು ಇಡಾಕ?”

“ಹತ್ತು ನಿಮಿಷ.”

“ಒಗದಿದ್ರ?”

“ಮೂರು.”

ಅವನು ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಇಟ್ಟು ಎಣಿಸಿದ, ಮತ್ತೊಮ್ಮೆ ಎಣಿಸಿದ. ನಾನು ಟ್ರ್ಯಾಕ್ಟರಿನಲ್ಲೇ ಎಣಿಸಿ ಮುಗಿಸಿದ್ದೆ. ಎಸೆದಿದ್ದರೆ ಏಳು ನಿಮಿಷ ಉಳಿದು, ಮೇಸ್ತ್ರಿ ನಿಂತಿರುವಾಗಲೇ ನಾನು ಕೆಳಗಿರುತ್ತಿದ್ದೆ.

“ನಾ ಹೇಳಿದ್ದೆ,” ಎಂದ.

“ಹೌದು. ನೀ ಹೇಳಿದ್ದಿ.”

ಹೇಳಿಕೆ ಬರೆಸಲು ಪೊಲೀಸರು ಒಳಗೆ ಕರೆದರು. ಟೊಳ್ಳು ಬಡಿದದ್ದು, ಮೇಸ್ತ್ರಿ ಬೇಡವೆಂದದ್ದು, ನಾನು ಅವನಿಗೆ ಕೊಟ್ಟ ಉತ್ತರ, ಕಂಬಕ್ಕೆ ಕಟ್ಟಿದ್ದು, ನಿಮಿಷಗಳು, ಎಲ್ಲವನ್ನೂ ನಡೆದ ಕ್ರಮದಲ್ಲಿ ಹೇಳಿದೆ. ಬರೆದುಕೊಳ್ಳುತ್ತಿದ್ದವರು ಹಲಗೆಗಳ ಮಾತಿಗೆ ಬಂದಾಗ ಪೆನ್ನು ನಿಲ್ಲಿಸಿದರು. “ಇದು ಬೇಕಾಗಿಲ್ರಿ. ನೆಲ ಕುಸಿದು, ಕೆಟ್ಟ ಗಾಳಿಯಿಂದ ಸತ್ತ. ಸಾಕು.”

“ಬೇಕು,” ಎಂದೆ. “ಮೂವತ್ತೊಂದು ಹಲಗಿ, ಹತ್ತು ನಿಮಿಷ. ಒಗದಿದ್ರ ಮೂರು. ಬರಕೊಳ್ರಿ.”

ಅವರು ಬರೆದುಕೊಂಡರು. ತಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಯಾರೋ ಅವನಿಗೆ ಬೆಂಚು ತೋರಿಸಿದರು. ಓದಿ ಹೇಳಿ, ನಾನು ಸಹಿ ಹಾಕುವವರೆಗೂ ಅವನು ಕುಳಿತುಕೊಳ್ಳಲಿಲ್ಲ.